ಹಿತ್ತಲಿನ ಮೀನುಕೊಳಕ್ಕೆ ನಲವತ್ತು ಲೀಟರಿನ ಗಾಳಿಪಂಪು: ಎರಡು ಬೇಸಿಗೆ, ಎರಡು ಮಳೆಗಾಲದ ಬಳಿಕ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಸಿಮೆಂಟಿನ ಕೊಳವೊಂದಿದೆ. ಅಂಚಿನವರೆಗೆ ತುಂಬಿದರೆ ಸುಮಾರು 5,000 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಈಗ ಒಂಬತ್ತು ಕೋಯಿ ಮೀನುಗಳೂ ಆರು ಗೋಲ್ಡ್ ಫಿಷ್‌ಗಳೂ ಇವೆ. ಎರಡು ವರ್ಷಗಳ ಹಿಂದೆ ಈ ಕೊಳಕ್ಕೆಂದು ತಂದ, ನಿಮಿಷಕ್ಕೆ 40 ಲೀಟರ್ ಗಾಳಿ ಕೊಡುತ್ತದೆಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವ, 35 ವ್ಯಾಟಿನ ಲೀನಿಯರ್ ಡಯಾಫ್ರಂ ಪಂಪು ಹೇಗೆ ನಡೆದುಕೊಂಡಿದೆ ಎಂಬುದನ್ನೂ, ಅದನ್ನು ಬಿಸಿಲು, ಮಳೆ, ಇರುವೆಗಳಿಂದ ಕಾಪಾಡಿಕೊಂಡ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕೋಯಿಗಳು ಮೊದಲು ಹನ್ನೆರಡು ಇದ್ದವು. ಆಗ ನಮ್ಮಲ್ಲಿದ್ದದ್ದು ಗಾಜಿನ ತೊಟ್ಟಿಗಳಿಗೆಂದು ಮಾಡಿದ 5 ವ್ಯಾಟಿನ ಪುಟ್ಟ ಪಂಪು. ಕೊಳದ ಕಟ್ಟೆ ನೆಲದಿಂದ ಒಂದೂವರೆ ಅಡಿ ಎತ್ತರವಿದೆ. ಪಂಪನ್ನು ಕಟ್ಟೆಯ ಬುಡದಲ್ಲಿ, ಅಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದೆ. ಭರಣಿ ಮಳೆಯ ಒಂದು ರಾತ್ರಿ ಗುಡುಗಿನ ಬೆನ್ನಲ್ಲೇ ಕರೆಂಟ್ ಹೋಯಿತು, ಗಾಳಿ ನಿಂತ ಕೊಳವೆಯೊಳಗೆ ನೀರು ಹಿಂದಕ್ಕೆ ಏರಿ, ಕಟ್ಟೆ ದಾಟಿ ಇಳಿದು ಪಂಪಿನ ಒಡಲು ತುಂಬಿತು. ಕರೆಂಟ್ ಮರಳಿದಾಗ ಪಂಪು ಮತ್ತೆ ಓಡಲಿಲ್ಲ. ನಸುಕಿನಲ್ಲಿ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದುಕೊಂಡಿದ್ದವು. ಎಲ್ಲಕ್ಕಿಂತ ದೊಡ್ಡವಾಗಿದ್ದ ಮೂರು ಕೋಯಿಗಳು ತೇಲುತ್ತಿದ್ದವು. ದಿನವೂ ಬೆಳಿಗ್ಗೆ ಅವುಗಳಿಗೆ ಊಟ ಹಾಕುತ್ತಿದ್ದ ನಮ್ಮ ಅತ್ತೆ ಆ ದಿನ ಕೊಳದ ಹತ್ತಿರ ಬರಲಿಲ್ಲ.

ಆಮ್ಲಜನಕ ಕಡಿಮೆಯಾದಾಗ ದೊಡ್ಡ ಮೀನುಗಳೇ ಮೊದಲು ಬಲಿಯಾಗುತ್ತವೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಕರಗುವುದು 7.6 ಮಿಲಿಗ್ರಾಂ ಮಾತ್ರ. ಮೈಸೂರು ಸಮುದ್ರಮಟ್ಟದಿಂದ ಏಳುನೂರೈವತ್ತು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿ ಅದರಲ್ಲೂ ಹತ್ತನೆಯ ಒಂದು ಪಾಲಿನಷ್ಟು ಕಡಿತವಾಗುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿಯಿಡೀ ಅದನ್ನು ಉಸಿರಾಡಿ ಖರ್ಚು ಮಾಡುವುದರಿಂದ ಸೂರ್ಯೋದಯಕ್ಕೆ ತುಸು ಮುಂಚಿನ ಹೊತ್ತೇ ಕೊಳಕ್ಕೆ ಅತ್ಯಂತ ಕಷ್ಟದ ಹೊತ್ತು. ರಾತ್ರಿ ಸದ್ದು ಬೇಡವೆಂದು ಪಂಪನ್ನು ಆರಿಸಿ ಮಲಗುವವರು ದಯವಿಟ್ಟು ಆ ಅಭ್ಯಾಸ ಬಿಡಬೇಕು.

ಹೊಸ ಪಂಪಿಗಾಗಿ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಅಲಂಕಾರಿಕ ಮೀನಿನ ಅಂಗಡಿಗಳಿಗೆ ಹೋಗಿದ್ದೆ. ಎರಡು ಅಂಗಡಿಗಳಲ್ಲಿ ಪೆಟ್ಟಿಗೆಯ ಮೇಲಿನ ಲೀಟರುಗಳನ್ನಷ್ಟೇ ಓದಿ ಹೇಳಿದರು. ಮೂರನೆಯ ಅಂಗಡಿಯವರು, "ಲೀಟರ್ ಎಷ್ಟು ಅಂತ ಆಮೇಲೆ ನೋಡೋಣ ಮೇಡಂ, ಮೊದಲು ನಿಮ್ಮ ಕೊಳದ ಆಳ ಎಷ್ಟು ಹೇಳಿ" ಎಂದರು. ನನ್ನ ಆಯ್ಕೆ ಸರಿಯಾದದ್ದು ಆ ಒಂದು ಪ್ರಶ್ನೆಯಿಂದ. ಗಾಳಿಪಂಪು ಗಾಳಿಯನ್ನು ನೀರಿನ ಭಾರಕ್ಕೆ ಎದುರಾಗಿ ನೂಕಬೇಕು. ಒಂದು ಮೀಟರ್ ಆಳಕ್ಕೆ ಸುಮಾರು 0.1 ಬಾರ್ ಒತ್ತಡ, ಅದರ ಮೇಲೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರಗಳ ಕಲ್ಲಿನ, ಅಂದರೆ ಏರ್ ಸ್ಟೋನಿನ, ತಡೆ ಬೇರೆ. ಬಾಯಿ ತೆರೆದಿಟ್ಟಾಗ ಸಿಗುವ ಹರಿವನ್ನೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಪಂಪುಗಳು ಮಾರುಕಟ್ಟೆಯಲ್ಲಿ ಎಷ್ಟೋ ಇವೆ. ಯಾವ ಒತ್ತಡದಲ್ಲಿ ಎಷ್ಟು ಲೀಟರ್ ಎಂಬ ರೇಖಾಚಿತ್ರ ಕೈಪಿಡಿಯಲ್ಲಿ ಇಲ್ಲದ ಪಂಪನ್ನು ಕೊಳಕ್ಕಾಗಿ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಯೂಮಿನಿಯಂ ಮೈಯ, ಪಿಸ್ಟನ್ ಇರುವ ಪಂಪುಗಳು ಅಗ್ಗ, ಗಾಳಿಯನ್ನೂ ಜೋರಾಗಿಯೇ ಕೊಡುತ್ತವೆ. ಆದರೆ ಅಂಗಡಿಯಲ್ಲಿ ಓಡಿಸಿ ತೋರಿಸಿದ ಪಂಪಿನ ಸದ್ದು ನಮ್ಮ ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ಹತ್ತು ಅಡಿ ದೂರದಲ್ಲಿ ಇಡುವಂಥದ್ದಾಗಿರಲಿಲ್ಲ, ಮೈಯೂ ಬೇಗ ಕಾಯುತ್ತಿತ್ತು. ಲೀನಿಯರ್ ಡಯಾಫ್ರಂ ಪಂಪಿನಲ್ಲಿ ಆಯಸ್ಕಾಂತವಿರುವ ಒಂದು ದಂಡ ಕಾಯಿಲ್‌ಗಳ ನಡುವೆ ಹಿಂದೆ ಮುಂದೆ ಅಲುಗಾಡಿ, ಎರಡು ತುದಿಯ ರಬ್ಬರ್ ಡಯಾಫ್ರಂಗಳನ್ನು ತಿದಿಯಂತೆ ಒತ್ತುತ್ತದೆ. ಸದ್ದು ಕಡಿಮೆ, ಎಣ್ಣೆ ಬೇಡ, ಸವೆಯುವ ರಬ್ಬರನ್ನು ಮನೆಯಲ್ಲೇ ಬದಲಿಸಬಹುದು. ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸು. ಡಯಾಫ್ರಂಗಳ ಒಂದು ಹೆಚ್ಚುವರಿ ಜೋಡಿಯನ್ನೂ ಅದೇ ದಿನ ಕೊಂಡೆ.

ಮನೆಗೆ ತಂದ ಮೇಲೆ ಹರಿವನ್ನು ಅಳೆದು ನೋಡಿದೆ. ಎರಡು ಲೀಟರಿನ ಬಾಟಲಿಯಲ್ಲಿ ನೀರು ತುಂಬಿ, ನೀರಿನೊಳಗೇ ಬೋರಲಾಗಿ ಹಿಡಿದು, ಏರ್ ಸ್ಟೋನಿನ ಗುಳ್ಳೆಗಳೆಲ್ಲ ಅದರ ಬಾಯಿಗೆ ಬೀಳುವಂತೆ ಮಾಡಿದರೆ ಬಾಟಲಿ ಖಾಲಿಯಾಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸಬಹುದು. ನಮ್ಮ ನಾಲ್ಕು ಸ್ಟೋನುಗಳಲ್ಲಿ ಒಂದೊಂದಕ್ಕೂ ಹದಿನೈದು ಸೆಕೆಂಡು ಹಿಡಿಯಿತು, ಅಂದರೆ ಒಟ್ಟು ನಿಮಿಷಕ್ಕೆ 32 ಲೀಟರ್. ಎರಡೂವರೆ ಅಡಿ ಆಳದಲ್ಲಿ ಇಷ್ಟು ಬಂದದ್ದು ನನಗೆ ತೃಪ್ತಿ ತಂದಿತು. ಸ್ಟೋನುಗಳನ್ನು ತಳದ ಕೆಸರಿನ ಮೇಲೆ ಹಾಕದೆ ಒಂದೊಂದು ಇಟ್ಟಿಗೆಯ ಮೇಲೆ ಕೂರಿಸಿದ್ದೇನೆ. ಗುಳ್ಳೆಗಳಿಂದ ನೇರವಾಗಿ ಕರಗುವ ಆಮ್ಲಜನಕ ಸ್ವಲ್ಪವೇ. ಅವು ಕೆಳಗಿನ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕಲಕಿದಾಗ ಗಾಳಿಯಿಂದ ಸೇರುವುದೇ ಹೆಚ್ಚು.

ಇನ್ನು ಪಂಪಿನ ಮನೆ. ಮೊದಲ ವಾರ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕವುಚಿಟ್ಟು ಮಳೆಯಿಂದ ಕಾಪಾಡಿದೆನೆಂದುಕೊಂಡೆ. ಮಧ್ಯಾಹ್ನ ಮುಟ್ಟಿ ನೋಡಿದರೆ ಪಂಪಿನ ಮೇಲೆ ಕೈ ಇಡಲಾಗದಷ್ಟು ಶಾಖವಿತ್ತು. ಈ ಪಂಪು ಸುತ್ತಲಿನ ಗಾಳಿಯನ್ನು ಹೀರಿ ಅದರಿಂದಲೇ ತಂಪಾಗುವಂಥದ್ದು, ಮುಚ್ಚಿದ ಡಬ್ಬಿಯೊಳಗೆ ತನ್ನದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಹೀರುತ್ತದೆ, ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಆದ್ದರಿಂದ ಗಾರೆ ಕೆಲಸದವರನ್ನು ಕರೆಸಿ, ಕೊಳದ ಉತ್ತರ ದಿಕ್ಕಿನಲ್ಲಿ, ನುಗ್ಗೆಮರದ ನೆರಳಿನಲ್ಲಿ, ನೀರಿನ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಇಟ್ಟಿಗೆಯ ಗೂಡು ಕಟ್ಟಿಸಿದೆ. ಎದುರುಬದುರು ಎರಡು ಬದಿಗೆ ಗೋಡೆಯಿಲ್ಲ, ಜಾಲರಿ ಮಾತ್ರ. ಮೇಲೆ ಇಳಿಜಾರಾಗಿ ಮಂಗಳೂರು ಹೆಂಚು, ಇರಚಲು ಬಡಿಯದಂತೆ ಅರ್ಧ ಅಡಿ ಸೂರು. ಜಾಲರಿ ಸೊಳ್ಳೆಗೆ ಹಾಕುವಷ್ಟು ಸಣ್ಣ ಕಣ್ಣಿನದಾಗಿರಬೇಕು: ಬೆಚ್ಚಗಿರುವ ಕಡೆ ಹಲ್ಲಿ ಮೊಟ್ಟೆಯಿಡುತ್ತದೆ. ಇರುವೆಗಳನ್ನು ಮಾತ್ರ ಜಾಲರಿ ತಡೆಯುವುದಿಲ್ಲ. ಗೂಡಿನ ನಡುವೆ ನಾಲ್ಕು ಚಿಕ್ಕ ಬಟ್ಟಲುಗಳಲ್ಲಿ ನೀರಿಟ್ಟು, ಅವುಗಳಲ್ಲಿ ಕಾಲೂರಿದ ಕಬ್ಬಿಣದ ಮಣೆಯ ಮೇಲೆ ಪಂಪನ್ನು ಇಟ್ಟಿದ್ದೇನೆ, ಹಿಂದೆ ಹಾಲಿನ ಪಾತ್ರೆಯನ್ನು ಇಡುತ್ತಿದ್ದ ಹಾಗೆ. ಸೊಳ್ಳೆ ಮರಿ ಮಾಡದಂತೆ ಆ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ಹಾಕುತ್ತೇವೆ. ವೈರು ಮತ್ತು ಕೊಳವೆ ಗೋಡೆಗೆ ತಾಗದಂತೆ ಮೇಲಿನಿಂದ ಇಳಿದಿವೆ.

ಕೊಳವೆಯಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನೂ ಹಾಕಿದ್ದೇನೆ. ಆದರೆ ಅಗ್ಗದ ಪ್ಲಾಸ್ಟಿಕ್ ವಾಲ್ವಿನ ರಬ್ಬರ್ ನಾಲಗೆ ಒಂದು ವರ್ಷದಲ್ಲಿ ಸೆಟೆದುಕೊಂಡದ್ದನ್ನು ಕಂಡ ಮೇಲೆ, ಅದನ್ನೇ ನಂಬಿ ಪಂಪನ್ನು ಕೆಳಗಿಡುವುದು ತಪ್ಪೆಂದು ಹೇಳಲೇಬೇಕು. ನೀರಿಗಿಂತ ಎತ್ತರದಲ್ಲಿರುವ ಪಂಪಿಗೆ ಹಿಂದಕ್ಕೆ ಬರುವ ನೀರು ತಲುಪುವುದಿಲ್ಲ.

ಪಂಪು ಬೇಗ ಕೆಡುವುದಕ್ಕೆ ಇನ್ನೊಂದು ಕಾರಣ ಕಟ್ಟಿಕೊಂಡ ಏರ್ ಸ್ಟೋನು. ನಮ್ಮದು ಬೋರ್‌ವೆಲ್‌ನ ಗಡಸು ನೀರು. ಮೂರು ತಿಂಗಳಿಗೆ ಸ್ಟೋನಿನ ರಂಧ್ರಗಳಲ್ಲಿ ಬಿಳಿ ಸುಣ್ಣ ಕೂರುತ್ತದೆ, ಗಾಳಿಗೆ ದಾರಿ ಸಿಗದೆ ಒತ್ತಡ ಏರಿ ಪಂಪು ಕಾಯುತ್ತದೆ. ಅವನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ತೊಳೆದು, ಒಣಗಿಸಿ ಮತ್ತೆ ಹಾಕುತ್ತೇನೆ. ಗಾಳಿ ಹೀರುವ ಕಡೆಯ ಸ್ಪಂಜನ್ನು ಬೇಸಿಗೆಯ ಧೂಳಿನಲ್ಲಿ ತಿಂಗಳಿಗೊಮ್ಮೆ ತೊಳೆಯಬೇಕು. ಬೇಡದ ಬಾಯಿಗಳ ನಲ್ಲಿಗಳನ್ನು ಪೂರ್ತಿ ಮುಚ್ಚುವ ಬದಲು ಒಂದನ್ನು ಹೊರಗಾಳಿಗೆ ಬಿಟ್ಟರೆ ಒತ್ತಡ ಇಳಿಯುತ್ತದೆ. ಇಷ್ಟೆಲ್ಲ ನೋಡಿಕೊಂಡದ್ದರಿಂದ ಮೊದಲ ಡಯಾಫ್ರಂ ಜೋಡಿ ಹತ್ತೊಂಬತ್ತು ತಿಂಗಳು ಬಾಳಿತು. ಬದಲಿಸಲು ನನಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಮುಕ್ಕಾಲು ಗಂಟೆ. ಎರಡು ಬದಿಯನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲವಾದರೆ ದಂಡ ಒಂದು ಕಡೆಗೆ ವಾಲಿ ಕಾಯಿಲ್‌ಗೆ ತಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಸಣ್ಣ ಉಳಿತಾಯಕ್ಕೂ ಕೈಹಾಕಬೇಡಿ. ನೀರು, ಕರೆಂಟ್, ಮಕ್ಕಳು ಮೂರೂ ಒಂದೇ ಕಡೆ ಸೇರುವ ಜಾಗವಿದು: ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದೆ ಪಂಪನ್ನು ಹಾಕಲೇಬಾರದು. ನಮ್ಮ ಪಂಪು ಈಗ ಮನೆಯ ಇನ್ವರ್ಟರ್‌ಗೆ ಸೇರಿದೆ. ಮನೆಯ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವ ಸೈನ್ ವೇವ್ ಇನ್ವರ್ಟರ್ ಆದ್ದರಿಂದ ಪಂಪು ಗುಂಯ್‌ಗುಡುವುದಿಲ್ಲ, ರಾತ್ರಿಯಿಡೀ ಕರೆಂಟ್ ಇಲ್ಲದಿದ್ದಾಗಲೂ ನಿಂತಿಲ್ಲ. ದಿನಕ್ಕೆ 0.84 ಯೂನಿಟ್, ತಿಂಗಳಿಗೆ ಸುಮಾರು 25 ಯೂನಿಟ್ ಖರ್ಚು.

ಪಂಪಿನ ಜೊತೆ ಬಂದ, ಗಾಳಿಯನ್ನು ಹಲವು ಕೊಳವೆಗಳಿಗೆ ಹಂಚುವ ಪ್ಲಾಸ್ಟಿಕ್ಕಿನ ಕವಲು-ನಲ್ಲಿ ಆರು ತಿಂಗಳಿಗೇ ಸೀಳಿತು. ಹಿತ್ತಾಳೆಯದನ್ನು ಬೇರೆ ಕೊಳ್ಳಬೇಕಾಯಿತು. ಪಂಪಿಗೆ ಅಂಟಿದ ಮೊದಲ ಒಂದಡಿ ಕೊಳವೆ ಬಿಸಿಗಾಳಿಗೆ ಗಟ್ಟಿಯಾಗಿ ಜಾರುತ್ತದೆ, ಅಲ್ಲಿ ಪಿವಿಸಿಯ ಬದಲು ದಪ್ಪ ಸಿಲಿಕೋನ್ ಕೊಳವೆ ಹಾಕಿದರೆ ಒಳ್ಳೆಯದು. ರಬ್ಬರ್ ಪಾದಗಳು ತೆಳು. ಕೆಳಗೆ ಹಳೆಯ ಟೈರಿನ ತುಂಡು ಇಟ್ಟ ಮೇಲೆ ಪಕ್ಕದ ಮನೆಯವರಿಗೆ ಸದ್ದು ಕೇಳಿಸುತ್ತಿಲ್ಲ. ಈ ಮೂರು ಕೊರತೆಗಳನ್ನು ಬಿಟ್ಟರೆ ಮೂರು ಅಡಿ ಆಳದ, ಐದಾರು ಸಾವಿರ ಲೀಟರಿನ ಕೊಳಕ್ಕೆ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಐದಾರು ಅಡಿ ಆಳದ ಕೊಳವಿರುವವರು ಇದರ ಮೇಲಿನ ಅಳತೆಯದನ್ನು ನೋಡಬೇಕು. ಮೀನು ಕಡಿಮೆ, ಕೊಳ ಚಿಕ್ಕದು ಎನ್ನುವವರಿಗೆ 20 ಲೀಟರಿನದು ಸಾಕು. ಯಾವುದನ್ನು ಕೊಂಡರೂ ಗೂಡನ್ನು ಮೊದಲು ಕಟ್ಟಿಸಿ, ಪಂಪನ್ನು ಆಮೇಲೆ ತನ್ನಿ.