ಮಂಜಿನ ತರಿ ಹೋಗಲಾಡಿಸಿದ ಕ್ವಾಡ್‌ಟೋನ್‌ರಿಪ್: ಆರು ವರ್ಷದ ಬಳಕೆಯ ನಂತರ

ಮಡಿಕೇರಿಯಲ್ಲಿದ್ದುಕೊಂಡು ಕಪ್ಪು-ಬಿಳುಪು ಚಿತ್ರ ಮುದ್ರಿಸುವವರಿಗೆ ಮಂಜಿಗಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ. ಮಾಂದಲಪಟ್ಟಿಯ ಬೆಟ್ಟಸಾಲು ಒಂದರ ಹಿಂದೊಂದು ತೆಳುವಾಗುತ್ತ ಆಕಾಶದಲ್ಲಿ ಕರಗುವ ಚಿತ್ರವೊಂದು ನನ್ನಲ್ಲಿದೆ; ಪರದೆಯ ಮೇಲೆ ಕೆನೆಯಂತಿದ್ದ ಆ ಮಂಜು ಕಾಗದಕ್ಕಿಳಿದ ಮೇಲೆ ತರಿತರಿಯಾಗಿ ಕಾಣುತ್ತಿತ್ತು. ಅದನ್ನು ಸರಿಪಡಿಸುವ ದಾರಿ ಹುಡುಕುತ್ತ, ಎಪ್ಸನ್ ಪ್ರಿಂಟರುಗಳಿಗಾಗಿ ರಾಯ್ ಹ್ಯಾರಿಂಗ್ಟನ್ ರೂಪಿಸಿದ ಕ್ವಾಡ್‌ಟೋನ್‌ರಿಪ್ ತಂತ್ರಾಂಶಕ್ಕೆ ಬಂದೆ.

ಇಂಕ್‌ಜೆಟ್ ಪ್ರಿಂಟರು ತೆಳು ಬೂದನ್ನು ಚುಕ್ಕಿಗಳನ್ನು ದೂರದೂರ ಇಟ್ಟೇ ಮೂಡಿಸಬೇಕು. ಆ ಚುಕ್ಕಿ ಗಾಢವಾಗಿದ್ದಷ್ಟೂ ಬಿಳಿ ಕಾಗದದ ಮೇಲೆ ಎದ್ದು ಕಾಣುತ್ತದೆ. ಹೀಗಾಗಿಯೇ 2005ರಲ್ಲಿ ಬಂದ ಎಪ್ಸನ್ನಿನ ಕೆ3 ಶಾಯಿಗಳಲ್ಲಿ ಕಪ್ಪಿನ ಜೊತೆಗೆ ಎರಡು ಹಂತದ ತೆಳುಗಪ್ಪನ್ನೂ ಕೊಟ್ಟರು. ಯಾವ ಶಾಯಿ ಎಲ್ಲಿ ಆರಂಭವಾಗಬೇಕು, ಎಷ್ಟು ಸುರಿಯಬೇಕು ಎಂಬುದನ್ನು ಈ ತಂತ್ರಾಂಶ ನಮ್ಮ ಕೈಗೇ ಒಪ್ಪಿಸುತ್ತದೆ, ಇದರ ನಿಜವಾದ ಬೆಲೆ ಇರುವುದು ಅಲ್ಲಿ. ಶಾಯಿಗಳ ಈ ಹೊಂದಿಕೆಗೆ ಕರ್ವ್ ಎನ್ನುತ್ತಾರೆ; ನನ್ನ ಕರ್ವ್‌ನಲ್ಲಿ ಬೆಳಕಿನ ಭಾಗವನ್ನೆಲ್ಲ ಅತಿ ತೆಳುವಾದ ಶಾಯಿಯೊಂದೇ ಹೊರುತ್ತದೆ. ಅದು ತನ್ನ ಮಿತಿ ಮುಟ್ಟುವ ಮೊದಲೇ ಎರಡನೆಯದು ಬಂದು ಸೇರುತ್ತದೆ. ಪೂರ್ಣ ಕಪ್ಪು ಕಾಡಿನ ನೆರಳಿಗೆ ಮಾತ್ರ ಇಳಿಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಲ್ಲಿ ನೋಡಿದರೆ, ಬಣ್ಣದ ಮೋಡ್‌ನಲ್ಲಿ ತೆಗೆದ ಹಳೆಯ ಪ್ರಿಂಟಿನ ಮಂಜಿನೊಳಗೆ ನೀಲಿ, ಗುಲಾಬಿ ಚುಕ್ಕಿಗಳು ಚದುರಿರುವುದು ಕಾಣುತ್ತದೆ. ಹೊಸದರಲ್ಲಿ ಒತ್ತೊತ್ತಾಗಿ ಕೂತ ಮಸುಕು ಬೂದು ಮಾತ್ರ.

ಕರ್ವ್ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. 21 ಹಂತಗಳ ಬೂದುಪಟ್ಟಿ ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಪ್ರತಿ ಹಂತದ ಗಾಢತೆ ಅಳೆದು, ಆ ಅಂಕಿಗಳನ್ನು ತಂತ್ರಾಂಶಕ್ಕೆ ಮರಳಿ ಕೊಡಬೇಕು. ಮೊದಲ ಪಟ್ಟಿಯಲ್ಲಿ ಕೊನೆಯ ನಾಲ್ಕು ಹಂತಗಳು ಒಂದೇ ಕಪ್ಪಾಗಿ ಕಲೆತುಹೋಗಿದ್ದವು; ಮೂರನೆಯದರಲ್ಲಿ ಪ್ರತಿ ಮೆಟ್ಟಿಲೂ ಬಿಡಿಬಿಡಿಯಾಗಿ ಕಂಡಾಗ ಆದ ಸಂತೋಷ ಇಂದಿಗೂ ನೆನಪಿದೆ. ಕಡತವನ್ನು 16 ಬಿಟ್‌ನಲ್ಲೇ ತಿದ್ದುತ್ತೇನೆ, ಏಕೆಂದರೆ 8 ಬಿಟ್‌ನ 256 ಹಂತಗಳನ್ನು ಎಳೆದಾಡಿದರೆ ಆಕಾಶದಲ್ಲಿ ಪಟ್ಟೆಗಳೇಳುತ್ತವೆ. ಶಾಯಿ ಚಿಮ್ಮುವ ಹೆಡ್ ಒಂದೇ ದಿಕ್ಕಿನಲ್ಲಿ ಚಲಿಸುವಾಗ ಮಾತ್ರ ಶಾಯಿ ಬೀಳುವಂತೆ ಆಯ್ದುಕೊಂಡರೆ ತಡವಾದರೂ ಫಲವಿದೆ. ಇಂಚಿಗೆ 1440 ಚುಕ್ಕಿಗಳ ಬದಲು 2880ರಲ್ಲಿ ಮುದ್ರಿಸಿದ್ದರಿಂದ ಮ್ಯಾಟ್ ಹತ್ತಿ ಕಾಗದದ ಮೇಲೆ ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ.

ವರ್ಷಕ್ಕೆ ನಾಲ್ಕೈದು ಚಿತ್ರ ಮುದ್ರಿಸುವವರು ಇಷ್ಟು ಶ್ರಮಪಡಬೇಕಾಗಿಲ್ಲ; ಪ್ರಿಂಟರಿನ ಜೊತೆ ಬರುವ ಡ್ರೈವರ್ ತಂತ್ರಾಂಶದಲ್ಲೇ ಇರುವ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಮೋಡ್ ಅವರಿಗೆ ಸಾಕು.

ನಮ್ಮ ಮಳೆಗಾಲದ ವಿಚಾರವೇ ಬೇರೆ. ಒಂದು ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ಮೂರು ವಾರ ಪ್ರಿಂಟರನ್ನು ಮುಚ್ಚಿಟ್ಟೆ, ತಪ್ಪು ನನ್ನದೇ. ಅತಿ ತೆಳು ಶಾಯಿ ಚಿಮ್ಮುವ ಕೆಲವು ಸಣ್ಣ ರಂಧ್ರಗಳು (ನಾಝಲ್‌ಗಳು) ಕಟ್ಟಿಕೊಂಡು, ಮಂಜಿನ ನಡುವೆ ಕೂದಲೆಳೆಯಂಥ ಬಿಳಿ ಗೆರೆ ಬಿತ್ತು. ಅಂದಿನಿಂದ ಪ್ರತಿ ಪ್ರಿಂಟಿಗೂ ಮುನ್ನ ನಾಝಲ್ ಪರೀಕ್ಷೆ ಮಾಡುತ್ತೇನೆ. ಥಂಡಿ ಹಿಡಿದ ಕಾಗದ ಉಬ್ಬಿ ಹೆಡ್ಡಿಗೆ ತಗಲುವುದರಿಂದ ಹಾಳೆಗಳು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ತಗಡಿನ ಟ್ರಂಕಿನಲ್ಲಿರುತ್ತವೆ. ಮಾರ್ಚಿನ ಒಣಹವೆಯಲ್ಲಿ ತಯಾರಿಸಿದ ಕರ್ವ್ ಜುಲೈಯಲ್ಲಿ ನೆರಳನ್ನು ತುಸು ಮುಚ್ಚಿಬಿಡುತ್ತದೆ. ಆದ್ದರಿಂದ ಮಳೆ ಹಿಡಿದ ಮೇಲೆ 21 ಹಂತಗಳ ಪಟ್ಟಿಯನ್ನು ಮತ್ತೊಮ್ಮೆ ಮುದ್ರಿಸಿ, ಆ ತಿಂಗಳುಗಳಿಗೆಂದೇ ಬೇರೊಂದು ಕರ್ವ್ ಉಳಿಸಿಕೊಂಡಿದ್ದೇನೆ.