ಪರದೆಯೆಲ್ಲ ಹಸಿರು, ಮಾತು ಮಾತ್ರ ತುಂಡು ತುಂಡು: ಐಪಿ ಫೋನ್ ನಿಗಾ ತಂತ್ರಾಂಶ ಕೊಳ್ಳುವವರ ಗಮನಕ್ಕೆ

ಕಚೇರಿಯ ಇಂಟರ್‌ನೆಟ್ ಫೋನ್ ಜಾಲದ ಮೇಲೆ ನಿಗಾ ಇಡುವ ತಂತ್ರಾಂಶ ಕೊಳ್ಳಲು ಹೊರಟಿರುವ ಬೆಂಗಳೂರಿನ ಸಣ್ಣ ಉದ್ದಿಮೆಗಳವರು, ಆ ತಂತ್ರಾಂಶ ನಿಜವಾದ ಕರೆಗಳನ್ನು ಅಳೆಯುತ್ತದೆಯೋ ಅಥವಾ ಉಪಕರಣಗಳು ಚಾಲನೆಯಲ್ಲಿವೆಯೇ ಎಂದಷ್ಟೇ ನೋಡುತ್ತದೆಯೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕೆಂದು ಕೋರುತ್ತೇನೆ. ನಮಗೆ ಮಾರಿದವರು ಈ ವ್ಯತ್ಯಾಸವನ್ನು ಮುಚ್ಚಿಟ್ಟರು.

ನಮ್ಮದು ಔಷಧಗಳ ಸಗಟು ವ್ಯಾಪಾರ. ಕಚೇರಿ ಮತ್ತು ಫೋನ್ ಸರ್ವರ್ ರಾಜಾಜಿನಗರದಲ್ಲಿವೆ, ಆರ್ಡರ್ ತೆಗೆದುಕೊಳ್ಳುವ ಸಿಬ್ಬಂದಿ ಪೀಣ್ಯದ ಗೋದಾಮಿನಲ್ಲಿದ್ದಾರೆ. ಮೆಡಿಕಲ್ ಅಂಗಡಿಗಳವರು ಹೆಚ್ಚಾಗಿ ಸಂಜೆಯೇ ಫೋನ್ ಮಾಡುತ್ತಾರೆ, ನಮ್ಮ ಮಾತು ಕೆಡುತ್ತಿದ್ದುದೂ ಸಂಜೆಯೇ. ಒಂದು ಧ್ವನಿಮುದ್ರಿಕೆಯಲ್ಲಿ ನಮ್ಮ ಹುಡುಗ ಆರ್ಡರನ್ನು ಓದಿ ಹೇಳುವಾಗ ‘ಹದಿ’ ಎಂಬಷ್ಟು ಕೇಳಿಸಿ, ನಡುವೆ ಧ್ವನಿಯೇ ಇಲ್ಲದೆ, ನಂತರ ‘ಸ್ಟ್ರಿಪ್’ ಎಂದು ಕೇಳಿಸುತ್ತದೆ. ಹದಿನೈದೋ ಹದಿನೆಂಟೋ ಗೊತ್ತಾಗದೆ ಅಂಗಡಿಯವರು ಮತ್ತೆ ಮತ್ತೆ ಕೇಳಿ, ಬೇಸತ್ತು ಫೋನ್ ಇಟ್ಟುಬಿಡುತ್ತಾರೆ. ಹೀಗೆ ಕೆಲವು ಹಳೆಯ ಗಿರಾಕಿಗಳು ಬೇರೆ ಕಡೆ ಆರ್ಡರ್ ಕೊಡತೊಡಗಿದರು.

ಅದೇ ಹೊತ್ತಿನಲ್ಲಿ ತಂತ್ರಾಂಶದ ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು. ಧ್ವನಿಯ ಗುಣಮಟ್ಟಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಎಂಒಎಸ್ ಮಾಪನದಲ್ಲಿ ಅದು ನಮಗೆ 4.3 ಕೊಡುತ್ತಿತ್ತು. ಮಾರಾಟದವರು ಅದನ್ನೇ ತೋರಿಸಿ, ತಪ್ಪು ಫೋನ್‌ಗಳದ್ದು ಎಂದರು, ಆಮೇಲೆ ಇಂಟರ್‌ನೆಟ್ ಕಂಪನಿಯದ್ದು ಎಂದರು.

ಆ ಅಂಕ ಬಂದ ಬಗೆ ಹೀಗಿತ್ತು. ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಪಿಂಗ್ ಎಂಬ ಚಿಕ್ಕ ಪರೀಕ್ಷಾ ಸಂದೇಶವೊಂದನ್ನು ಕಳಿಸಿ, ಅದು ಮರಳಲು ಹಿಡಿದ ಸಮಯದಿಂದ ಧ್ವನಿಯ ಗುಣಮಟ್ಟವನ್ನು ಅಂದಾಜಿಸುತ್ತಿತ್ತು. ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಎಂಬ ಸಾಮಾನ್ಯ ವಿಧಾನದ ಕರೆಯಲ್ಲಾದರೆ ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಮಾತಿನ 50 ತುಣುಕು (ಪ್ಯಾಕೆಟ್), ಅಂದರೆ ಐದು ನಿಮಿಷಕ್ಕೆ 15,000 ಪ್ಯಾಕೆಟ್ ಓಡುತ್ತವೆ. ಅವುಗಳಲ್ಲಿ ಸಾವಿರ ಕಳೆದುಹೋದರೂ ಆ ಒಂದು ಪಿಂಗ್ ಸುಖವಾಗಿ ಮರಳಬಹುದು. ಕಚೇರಿ, ಗೋದಾಮುಗಳನ್ನು ಜೋಡಿಸುವ ಲಿಂಕಿನ ಬಳಕೆಯೂ ಐದು ನಿಮಿಷದ ಸರಾಸರಿಯಾಗಿದ್ದುದರಿಂದ, ಕೆಲವೇ ಸೆಕೆಂಡು ಲಿಂಕ್ ಪೂರ್ತಿ ತುಂಬಿದ್ದು ಗ್ರಾಫಿನಲ್ಲಿ ಕಾಣುತ್ತಲೇ ಇರಲಿಲ್ಲ. ಇದನ್ನು ಧ್ವನಿಯ ಅಳತೆ ಎಂದು ಮಾರಿದ್ದು ನನ್ನ ದೃಷ್ಟಿಯಲ್ಲಿ ಮೋಸವೇ.

ಕೊನೆಗೆ ನಮ್ಮ ಸಹೋದ್ಯೋಗಿಯೊಬ್ಬರು ಜಾಲದ ಉಪಕರಣಗಳನ್ನು ಜೋಡಿಸುವ ಸ್ವಿಚ್‌ನ ಒಂದು ಪೋರ್ಟನ್ನು ಮಿರರ್ ಮಾಡಿ (ಅಲ್ಲಿ ಓಡುವುದರ ನಕಲು ತೆಗೆದು), ಉಚಿತವಾಗಿ ಸಿಗುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ, ಧ್ವನಿ ಹೊತ್ತ ಆರ್‌ಟಿಪಿ ಪ್ಯಾಕೆಟ್‌ಗಳನ್ನು ಹಿಡಿದು ನೋಡಿದಾಗ ಕಾರಣ ಸಿಕ್ಕಿತು. ಗೋದಾಮಿನ ಸಿಸಿಟಿವಿ ದೃಶ್ಯಗಳು ಸಂಜೆ ಹೊತ್ತಿನಲ್ಲಿ ಕಚೇರಿಗೆ ಅಪ್‌ಲೋಡ್ ಆಗುತ್ತಿದ್ದವು. ಧ್ವನಿಗೆ ಆದ್ಯತೆ ಕೊಡಲೆಂದು ಫೋನ್‌ಗಳು ಹಾಕುವ ಡಿಎಸ್‌ಸಿಪಿ 46 ಎಂಬ ಗುರುತನ್ನು ಪೀಣ್ಯದ ಸ್ವಿಚ್ ಅಳಿಸಿಹಾಕುತ್ತಿದ್ದುದರಿಂದ, ಸೈರನ್ ಕಿತ್ತ ಆಂಬ್ಯುಲೆನ್ಸ್ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಂತೆ ಮಾತೆಲ್ಲ ವಿಡಿಯೊದ ಹಿಂದೆ ಸಾಲುಗಟ್ಟಿತ್ತು. ಸ್ವಿಚ್ ಸರಿಪಡಿಸಿದ ಮೇಲೆ ತೊಂದರೆ ನಿಂತಿತು.

ಎಷ್ಟು ಪ್ಯಾಕೆಟ್ ಕಳೆದಿವೆ, ಜಿಟರ್ (ಪ್ಯಾಕೆಟ್‌ಗಳು ತಲುಪುವ ಸಮಯದ ಏರುಪೇರು) ಎಷ್ಟು ಎಂಬುದನ್ನು ಕರೆ ನಡೆಯುತ್ತಿರುವಾಗಲೇ ಫೋನ್‌ಗಳು ಪರಸ್ಪರ ತಿಳಿಸುವ ಆರ್‌ಟಿಸಿಪಿ ವ್ಯವಸ್ಥೆ 2003ರ ಆರ್‌ಎಫ್‌ಸಿ 3550 ಎಂಬ ಇಂಟರ್‌ನೆಟ್ ಮಾನದಂಡದಲ್ಲೇ ಇದೆ. ಹಣ ತೆಗೆದುಕೊಂಡ ತಂತ್ರಾಂಶ ಆ ವರದಿಗಳನ್ನು ಓದುತ್ತಲೇ ಇರಲಿಲ್ಲ. ಆದ್ದರಿಂದ ಡೆಮೊ ನೋಡುವಾಗ ಅವರ ಲ್ಯಾಪ್‌ಟಾಪಿನ ಮಾದರಿ ಅಂಕಿಗಳಿಗೆ ತೃಪ್ತರಾಗಬೇಡಿ. ನಿಮ್ಮದೇ ಕಚೇರಿಯಲ್ಲಿ, ಕರೆಗಳು ಹೆಚ್ಚಿರುವ ಹೊತ್ತಿನಲ್ಲಿ, ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಹಾಕಿ ಲಿಂಕನ್ನು ತುಂಬಿಸಿ, ಕೆಟ್ಟ ಆ ಕರೆ ಯಾವ ಫೋನಿನಿಂದ ಎಷ್ಟು ಗಂಟೆಗೆ ಹೋಯಿತು, ಯಾವ ದಿಕ್ಕಿನಲ್ಲಿ ಮಾತು ಕೆಟ್ಟಿತು ಎಂಬುದನ್ನು ಪರದೆಯ ಮೇಲೆ ತೋರಿಸಲು ಹೇಳಿ. ಒಂದೊಂದು ಫೋನಿಗೆ ಇಷ್ಟೆಂದು ಇಡೀ ವರ್ಷದ ಲೈಸೆನ್ಸ್ ಹಣವನ್ನು ಮೊದಲೇ ಕೇಳಿದರೆ ಒಪ್ಪಬೇಡಿ. ನಮ್ಮ ಹಣ ಇನ್ನೂ ಮರಳಿಲ್ಲ.

ಎಚ್ಚರಿಕೆಯ ಸಂದೇಶ ಯಾವ ದಾರಿಯಲ್ಲಿ ಬರುತ್ತದೆ ಎಂದೂ ಕೇಳಿ. ನಮ್ಮಲ್ಲಿ ಲಿಂಕ್ ಕಡಿದದ್ದನ್ನು ತಿಳಿಸುವ ಇಮೇಲ್ ಅದೇ ಲಿಂಕಿನ ಮೂಲಕ ಹೋಗಬೇಕಿತ್ತು, ಹಾಗಾಗಿ ಲಿಂಕ್ ಮರಳಿ ಬಂದ ಮೇಲೆಯೇ ಅದು ಕೈಸೇರುತ್ತಿತ್ತು. ಮೊಬೈಲ್ ಜಾಲದ ಮೂಲಕ ಎಸ್‌ಎಂಎಸ್ ಬರುವ ಏರ್ಪಾಡನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.