95 ರೂಪಾಯಿಯ ತೇವಾಂಶ ಸೆನ್ಸರ್: ಎಂಟು ತಗೊಂಡೆ, ಐದು ಉಳಿದವು

ಮೊದಲೇ ಹೇಳಿಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಕಿತ್ತಿದ್ದು ಎಂಟರಲ್ಲಿ ಮೂರು ಕೈಕೊಟ್ಟಿದ್ದಕ್ಕೆ. ಇನ್ನೊಂದು, ಪ್ಯಾಕೆಟ್ಟಿನೊಳಗೆ ಒಂದು ಚೀಟಿಯನ್ನೂ ಇಡದೆ ಕಳಿಸಿದ್ದಕ್ಕೆ.

ವಸ್ತು ಯಾವುದು ಅಂದ್ರೆ ಮಣ್ಣಿನ ತೇವಾಂಶ ಅಳೆಯೋ ಕೆಪ್ಯಾಸಿಟಿವ್ ಸೆನ್ಸರ್. ಕಪ್ಪು ಪಟ್ಟಿ, ಚೂಪು ತುದಿ, ತಲೆ ಮೇಲೆ ಮೂರು ವೈರಿನ ಸಾಕೆಟ್. ‘ವಿ1.2’ ಅಂತ ಅಚ್ಚಾಗಿರುತ್ತೆ, ಬ್ರ್ಯಾಂಡ್ ಹೆಸರು ಮಾತ್ರ ಹುಡುಕಿದರೂ ಇಲ್ಲ. ಆನ್‌ಲೈನಲ್ಲಿ ಒಂದಕ್ಕೆ 95 ರೂಪಾಯಿ ಬಿತ್ತು. ಹಾಸನದ ಅಂಗಡಿಯಲ್ಲಿ ಕೇಳಿದ್ದಕ್ಕೆ 180 ಅಂದರು, ಅದೂ ಎರಡೇ ಪೀಸ್ ಇತ್ತು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಅನುದಾನಕ್ಕೆ ಅರ್ಜಿ ಹಾಕೋಣ ಅಂತ ಮಾತಾಡ್ತಾ ಮಾತಾಡ್ತಾ ಕೊನೇ ದಿನ ದಾಟಿಸಿಕೊಂಡವರು ನಾವು. ಹಾಗಾಗಿ ದುಡ್ಡೆಲ್ಲ ನಮ್ಮ ಜೇಬಿನದೇ.

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ನಾಲ್ಕು ಜನರ ಟೀಮು. ಸಕಲೇಶಪುರದ ಹತ್ತಿರ ಚಿಕ್ಕಪ್ಪನ ರೊಬಸ್ಟಾ ಕಾಫಿ ತೋಟ ಇದೆ. ಫೆಬ್ರವರಿ–ಮಾರ್ಚಿನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಡೀಸೆಲ್ ಪಂಪು ಇಡೀ ದಿನ ಓಡುತ್ತೆ. ಎಷ್ಟು ಹೊತ್ತು ಬಿಡಬೇಕು ಅನ್ನೋದು ಪಕ್ಕದ ತೋಟದವರು ಎಷ್ಟು ಹೊತ್ತು ಬಿಟ್ಟರು ಅನ್ನೋದರ ಮೇಲೆ ನಿಂತಿದೆ. ಅದನ್ನು ಅಳೆದು ಹೇಳೋಣ ಅನ್ನೋದು ನಮ್ಮ ಪ್ರಾಜೆಕ್ಟು.

ಎರಡು ಕಡ್ಡಿ ಇರೋ ಹಳೇ ರೆಸಿಸ್ಟಿವ್ ಸೆನ್ಸರ್ ಇನ್ನೂ ಅಗ್ಗ. ಆದರೆ ಅದರಲ್ಲಿ ಮಣ್ಣಿನೊಳಗೇ ಕರೆಂಟ್ ಹರಿಯೋದರಿಂದ ಕಡ್ಡಿಯ ಲೋಹ ಕರಗಿಹೋಗುತ್ತೆ. ಸೀನಿಯರ್ ಒಬ್ಬರು ಬಿಟ್ಟುಹೋಗಿದ್ದು ಲ್ಯಾಬಿನ ಡ್ರಾಯರಿನಲ್ಲಿ ಹಸಿರು ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಅದನ್ನು ನೋಡಿಯೇ ಇದನ್ನು ತರಿಸಿದ್ದು. ಇದರಲ್ಲಿ ತಾಮ್ರ ಮಣ್ಣಿಗೆ ತಾಗಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜ್ ಹಿಡಿದಿಡೋಕೆ ಎಷ್ಟು ನೆರವಾಗುತ್ತೆ ಅನ್ನೋ ಅಳತೆ) ಸುಮಾರು 80, ಒಣಮಣ್ಣಿನದು ಬರೀ ಮೂರರಿಂದ ಐದು. ಮಣ್ಣಿಗೆ ನೀರು ಸೇರಿದ ಹಾಗೆ ಪಟ್ಟಿಯ ಕೆಪ್ಯಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡೋ ಶಕ್ತಿ, ಏರುತ್ತೆ, ಹೊರಗೆ ಬರೋ ವೋಲ್ಟೇಜ್ ಇಳಿಯುತ್ತೆ. ಅಂಕಿ ಕಮ್ಮಿಯಾದರೆ ಒದ್ದೆ ಜಾಸ್ತಿ ಅಂತ ಅರ್ಥ. ಈ ಉಲ್ಟಾ ಲೆಕ್ಕಕ್ಕೆ ಒಗ್ಗಿಕೊಳ್ಳೋಕೇ ನಮ್ಮ ಟೀಮಿಗೆ ಒಂದು ವಾರ ಹಿಡೀತು.

ಈಗ ಕೈಕೊಟ್ಟ ಮೂರರ ಕಥೆ. ಮೊದಲನೆಯದನ್ನು ಲೋಟದ ನೀರಿಗೆ ಇಳಿಸಿದರೆ ಅಂಕಿ ಇಳೀಲೇ ಇಲ್ಲ. ಸತ್ತಿದೆ ಅಂತ ಬದಿಗಿಟ್ಟು ಟೀ ಕುಡಿದು ಬಂದು ನೋಡಿದರೆ ಇಳಿದು ಕೂತಿದೆ! ಮಲ್ಟಿಮೀಟರ್ ಇಟ್ಟಾಗ ಗೊತ್ತಾಯ್ತು. ಔಟ್‌ಪುಟ್ ಪಿನ್ನಿಂದ ಗ್ರೌಂಡಿಗೆ ಸುಮಾರು 1 ಮೆಗಾಓಮ್ ಇರಬೇಕು, ಇದರಲ್ಲಿ ಆ ರೆಸಿಸ್ಟರ್ ಗ್ರೌಂಡಿಗೆ ಕೂಡಿಕೊಂಡೇ ಇಲ್ಲ. ಕೆಪ್ಯಾಸಿಟರಿನಲ್ಲಿ ತುಂಬಿದ ಚಾರ್ಜಿಗೆ ಇಳಿದುಹೋಗೋಕೆ ದಾರಿಯಿಲ್ಲ. ಎರಡನೆಯದರಲ್ಲಿ 662ಕೆ ಅಂತ ಬರೆದಿರೋ, ವೋಲ್ಟೇಜನ್ನು ಒಂದೇ ಸಮ ಇಡೋ ಮೂರು ಕಾಲಿನ ಪುಟ್ಟ ರೆಗ್ಯುಲೇಟರನ್ನೇ ಹಾಕಿರಲಿಲ್ಲ. ಬ್ಯಾಟರಿ ಇಳಿದ ಹಾಗೆ ಇದರ ಅಂಕಿಯೂ ಇಳೀತಿತ್ತು, ಬಿಸಿಲಿಗೆ ಬಿರುಕು ಬಿಟ್ಟ ಮಣ್ಣೂ ಒದ್ದೆ ಅಂತಿತ್ತು. ಮೂರನೆಯದರ ಟೈಮರ್ ಚಿಪ್ಪಿನ ಮೇಲೆ ಟಿಎಲ್‌ಸಿ555 ಬದಲು ಎನ್ಇ555 ಅಂತಿತ್ತು. ಎನ್ಇ555ಕ್ಕೆ ಕಮ್ಮಿ ಅಂದರೂ ನಾಲ್ಕೂವರೆ ವೋಲ್ಟ್ ಬೇಕು, ಬೋರ್ಡು ಅದಕ್ಕೆ ಕೊಡೋದು 3.3. ಅರ್ಧ ಹೊಟ್ಟೆಯಲ್ಲಿ ಎಷ್ಟು ಅಂತ ದುಡೀತದೆ ಪಾಪ.

ಹಾಗಾಗಿ ತಗೊಳ್ಳೋರು ಲೆನ್ಸ್ ಹಿಡಿದು ಚಿಪ್ಪಿನ ಹೆಸರು ಓದಿ, ರೆಗ್ಯುಲೇಟರ್ ಇದೆಯಾ ನೋಡಿ, ಆ 1 ಮೆಗಾಓಮ್ ಅಳೆದುಬಿಡಿ. ಸೆನ್ಸರ್ ಒಂದಕ್ಕೆ ಐದು ನಿಮಿಷದ ಕೆಲಸ. ನಾಲ್ಕು ಬೇಕಿದ್ದರೆ ಏಳೆಂಟು ತರಿಸಿ. ವಾಪಸ್ ಕಳಿಸೋ ಕೊರಿಯರ್ ಖರ್ಚಿಗೆ ಇನ್ನೊಂದು ಬರುತ್ತೆ.

ಸೆನ್ಸರನ್ನು ನಮ್ಮ ಹಾಗೆ ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡಿಗೆ ಜೋಡಿಸೋರಿಗೆ ಒಂದು ಮಾತು. ವೈಫೈ ಆನ್ ಆದಮೇಲೆ ವೋಲ್ಟೇಜನ್ನು ಅಂಕಿಯಾಗಿಸೋ ಅದರ ಎರಡು ಗುಂಪಿನ ಪಿನ್ನುಗಳಲ್ಲಿ ಎಡಿಸಿ2ರವುಗಳಲ್ಲಿ ಓದೋಕಾಗಲ್ಲ, ಎಡಿಸಿ1ರವನ್ನೇ ಬಳಸಿ. ನಾವು ಎರಡು ದಿನ ಸೆನ್ಸರಿಗೆ ಬೈದದ್ದೆಲ್ಲ ಸುಳ್ಳು ಬೈಗುಳ.

ಇಷ್ಟಾದಮೇಲೆ ಮೊಬೈಲ್ ತೆರೆ ಮೇಲೆ ‘ತೇವಾಂಶ ಶೇ. 40’ ಅಂತ ಚೆಂದವಾಗಿ ಬರೋಕೆ ಶುರುವಾಯ್ತು. ಅದನ್ನೇ ಹೊತ್ತುಕೊಂಡು ಕಾಲೇಜಿನ ಮೊದಲ ಪ್ರಾಜೆಕ್ಟ್ ರಿವ್ಯೂಗೆ ಹೋದ್ವಿ. ಸಿವಿಲ್ ವಿಭಾಗದ ಮೇಡಂ ಒಬ್ಬರು ಪ್ಯಾನೆಲ್ಲಿನಲ್ಲಿದ್ದರು. ಸ್ಲೈಡ್ ನೋಡಿದವರೇ ಕೇಳಿದರು: “ನಲವತ್ತು ಅಂದ್ರೆ ಯಾವುದರಲ್ಲಿ ನಲವತ್ತು? ತೂಕದಲ್ಲಾ, ಗಾತ್ರದಲ್ಲಾ?”

ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಎರಡರಲ್ಲೂ ಅಲ್ಲ. ಗಾಳಿಯಲ್ಲಿ ಹಿಡಿದಾಗ ಬಂದ 2610 ಅನ್ನೋದನ್ನು ಸೊನ್ನೆ ಅಂತ, ನೀರಲ್ಲಿ ಅದ್ದಿದಾಗ ಬಂದ 1130 ಅನ್ನೋದನ್ನು ನೂರು ಅಂತ ಇಟ್ಟುಕೊಂಡು ನಡುವೆ ಗೆರೆ ಎಳೆದಿದ್ವಿ, ಅಷ್ಟೇ. ನಾವು ನೋಡಿ ಕಲಿತ ವಿಡಿಯೋದಲ್ಲಿ ಹಾಗೇ ಮಾಡಿದ್ದರು. ನಮ್ಮ ನಲವತ್ತು ಅಂದರೆ ಗಾಳಿಯಿಂದ ನೀರಿನ ಕಡೆಗೆ ನಲವತ್ತು ಹೆಜ್ಜೆ. ಅದರಲ್ಲಿ ಮಣ್ಣಿನ ವಿಷಯ ಎಲ್ಲೂ ಇಲ್ಲ. ಗಾಳಿಯಲ್ಲಿ ಕಾಫಿ ಬೆಳೆಯೋರಿಗೆ ಉಪಯೋಗ ಆಗಬಹುದಿತ್ತು.

ಮೇಡಂ ಬೈಯಲಿಲ್ಲ. “ನಮ್ಮ ಮಣ್ಣಿನ ಲ್ಯಾಬಿಗೆ ಬನ್ನಿ, ಓವನ್ ಖಾಲಿ ಇರುತ್ತೆ” ಅಂದರು.

ಈ ರಿವ್ಯೂ ಬರೀತಿರೋದೇ ಆ ಓವನ್ನಿನ ದೆಸೆಯಿಂದ. ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕ ಐಎಸ್ 2720ರ ಎರಡನೇ ಭಾಗದಲ್ಲಿರೋ ಪದ್ಧತಿ ಅದು, ಸಿವಿಲ್ ಹುಡುಗರಿಗೆ ನೀರು ಕುಡಿದಷ್ಟು ಸಲೀಸು. ಹಸಿ ಮಣ್ಣು ತೂಗು, 105ರಿಂದ 110 ಡಿಗ್ರಿಯಲ್ಲಿ 24 ಗಂಟೆ ಒಣಗಿಸು, ಮತ್ತೆ ತೂಗು. ಬಾಯಲ್ಲಿ ಹೇಳೋಕೆ ಇಷ್ಟೇ. ನಾನು ಮೊದಲ ದಿನ ತೋಟದಿಂದ ಮಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟದೆ ತಂದೆ. ಲ್ಯಾಬ್ ಅಟೆಂಡರ್ ಅಣ್ಣ ಕವರ್ ಎತ್ತಿ ನೋಡಿ, “ಏನವ್ವ, ಸಕಲೇಶಪುರದಿಂದ ಇಲ್ಲಿಗೆ ಬರೋ ಅಷ್ಟೊತ್ತಿಗೆ ಅರ್ಧ ನೀರು ಬಸ್ಸಿಗೇ ಕೊಟ್ಟು ಬಂದಿದೀಯಲ್ಲ” ಅಂದರು. ಮುಂದಿನ ಸಲದಿಂದ ಮುಚ್ಚಳ ಇರೋ ಅಲ್ಯೂಮಿನಿಯಂ ಡಬ್ಬಿ ಅವರೇ ಕೊಟ್ಟು ಕಳಿಸಿದರು. ಡಬ್ಬಿಗೂ ಮುಚ್ಚಳಕ್ಕೂ ಒಂದೇ ನಂಬರ್ ಬರೀಬೇಕು, ಅದಲುಬದಲಾದರೆ ತೂಕ ಹೋಯ್ತು ಅಂತ ಎರಡು ಸಲ ಹೇಳಿದರು.

ಏಳನೇ ನಂಬರ್ ಡಬ್ಬಿಯ ಲೆಕ್ಕ ನನಗೆ ಬಾಯಿಪಾಠ ಆಗಿದೆ. ಖಾಲಿ ಡಬ್ಬಿ 21.6 ಗ್ರಾಂ. ಹಸಿ ಮಣ್ಣು ತುಂಬಿ 90.0. ಮರುದಿನ ಓವನ್ನಿನಿಂದ ತೆಗೆದು, ಆರಿಸಿ ತೂಗಿದಾಗ 75.9. ಹೋದ ನೀರು 14.1, ಉಳಿದ ಒಣಮಣ್ಣು 54.3. ಭಾಗಿಸಿದರೆ ಶೇ. 26. ಮಣ್ಣು ತೆಗೆಯೋ ಮುಂಚೆ ಅದೇ ಜಾಗದಲ್ಲಿ ನಮ್ಮ ಸೆನ್ಸರ್ ತೋರಿಸಿದ್ದು 58!

ತೂಕದ ಶೇಕಡಾವನ್ನು ಗಾತ್ರಕ್ಕೆ ತಿರುಗಿಸೋಕೆ ಮಣ್ಣಿನ ಸಾಂದ್ರತೆ ಬೇಕು. ಅದಕ್ಕೆ ಕೋರ್ ಕಟರ್ ಅನ್ನೋ ಉಕ್ಕಿನ ಸಿಲಿಂಡರು, ಒಳವ್ಯಾಸ 10 ಸೆಂ.ಮೀ., ಎತ್ತರ 13, ಜೊತೆಗೊಂದು ಭಾರದ ರ‍್ಯಾಮರ್. ಅದನ್ನು ಬಸ್ಸಿನಲ್ಲಿ ಕಾಲ ಕೆಳಗೆ ಇಟ್ಟುಕೊಂಡು ಹೋಗಿ, ತರಗು ಸರಿಸಿ, ಕಾಫಿ ಗಿಡಗಳ ನಡುವೆ ಬಡಿದು ಇಳಿಸಿದ್ದು ನಾನು ಮತ್ತೆ ಚಿಕ್ಕಪ್ಪ. ಒಣ ಸಾಂದ್ರತೆ ಘನ ಸೆಂಟಿಮೀಟರಿಗೆ 1.1 ಗ್ರಾಂ ಬಂತು. 26ನ್ನು 1.1ರಿಂದ ಗುಣಿಸಿದರೆ ಹತ್ತಿರಹತ್ತಿರ 29. ಈ ಅಂಕಿ ತೋಟದವರ ಭಾಷೆಗೆ ನೇರ ಬರುತ್ತೆ. ಮೇಲಿನ 10 ಸೆಂ.ಮೀ. ಮಣ್ಣಿನಲ್ಲಿ 29 ಮಿ.ಮೀ. ನೀರಿದೆ, ಅಂದರೆ ಒಂದು ಇಂಚಿಗೆ ಸ್ವಲ್ಪ ಮೇಲೆ. ಚಿಕ್ಕಪ್ಪನಿಗೆ ಶೇಕಡಾ ಬೇಡ, ಇಂಚು ಅಂದ ಕೂಡಲೇ ಕಿವಿ ನಿಮಿರಿತು.

ಹೀಗೆ ಒಂದೊಂದು ಸೆನ್ಸರಿಗೂ ಹದಿನಾಲ್ಕು ಹದಿನಾಲ್ಕು ಡಬ್ಬಿ. ಒಂದು ರಾತ್ರಿ ಕರೆಂಟ್ ಹೋಗಿ ಆರು ಡಬ್ಬಿ ಹಾಳು. ಒಟ್ಟು ಒಂದೂವರೆ ತಿಂಗಳು. ಗ್ರಾಫ್ ಹಾಕಿದಾಗ ಎರಡು ಸಂಗತಿ ಕಂಡವು. ಒಂದು ಸೆನ್ಸರಿನ ಗೆರೆ ಇನ್ನೊಂದಕ್ಕೆ ಕೂರಲ್ಲ, ಪ್ರತಿಯೊಂದಕ್ಕೂ ಅದರದ್ದೇ ಸಮೀಕರಣ ಬೇಕು. ಆಮೇಲೆ, ಗಾತ್ರದಲ್ಲಿ 15ರಿಂದ 35ರವರೆಗೆ ಓವನ್ನಿಗೂ ಇದಕ್ಕೂ ಮೂರು ಅಂಕಿಯೊಳಗಿನ ವ್ಯತ್ಯಾಸ, 40 ದಾಟಿದ ಮೇಲೆ ಇದಕ್ಕೆ ಒದ್ದೆಗೂ ಕೆಸರಿಗೂ ಭೇದ ಗೊತ್ತಾಗಲ್ಲ. 95 ರೂಪಾಯಿಗೆ ಇಷ್ಟು ಬರುತ್ತೆ ಅಂದರೆ ನನ್ನ ಲೆಕ್ಕದಲ್ಲಿ ಮೋಸ ಇಲ್ಲ.

ಬಾಳಿಕೆ ವಿಷಯ. ಪಟ್ಟಿಯ ಮೇಲ್ಮೈಗೆ ಲೇಪನ ಇದೆ, ಕತ್ತರಿಸಿದ ಅಂಚಿಗೆ ಇಲ್ಲ. ಅಲ್ಲಿಂದ ನೀರು ಒಳಗೆ ಹೀರಿಕೊಂಡು ಮೂರೇ ವಾರದಲ್ಲಿ ಅಂಕಿ ಜಾರೋಕೆ ಶುರು. ನಾನು ಅಂಚಿಗೆಲ್ಲ ಮೂರು ಕೋಟ್ ಉಗುರುಬಣ್ಣ ಹಚ್ಚಿದೆ, ತಲೆಯ ಸರ್ಕ್ಯೂಟಿಗೆ ಎಪಾಕ್ಸಿ ಅಂಟು ಬಳಿದು ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಇದನ್ನೆಲ್ಲ ಕ್ಯಾಲಿಬ್ರೇಟ್ ಮಾಡೋ, ಅಂದರೆ ಸೆನ್ಸರನ್ನು ಓವನ್ ಲೆಕ್ಕಕ್ಕೆ ಹೊಂದಿಸೋ, ಮುಂಚೆ ಮಾಡಿ, ನಮ್ಮ ಹಾಗೆ ಆಮೇಲೆ ಹಚ್ಚಿ ಎರಡು ಸೆನ್ಸರಿನ ಡಬ್ಬಿ ತೂಗೋ ಕೆಲಸ ಮತ್ತೆ ಮೊದಲಿಂದ ಮಾಡಬೇಡಿ. ಮಧ್ಯಾಹ್ನದ ಬಿಸಿಗೂ ಬೆಳಗಿನ ಚಳಿಗೂ ಅಂಕಿ ಸ್ವಲ್ಪ ಓಲಾಡುತ್ತೆ, ಆದ್ದರಿಂದ ದಿನಾ ಬೆಳಿಗ್ಗೆ ಆರಕ್ಕೇ ಓದೋ ಹಾಗೆ ಇಟ್ಟೆವು. ಕಲ್ಲು ಸಿಕ್ಕಿ ಪಕ್ಕದಲ್ಲಿ ಸಂದು ಬಿಟ್ಟರೆ ಅದು ಆ ಸಂದಿನ ಗಾಳಿಯನ್ನು ಅಳೆಯುತ್ತೆ. ಕಾಡುಹಂದಿ ಒಂದು ರಾತ್ರಿ ಎರಡನ್ನು ಉತ್ತು ಹಾಕಿತು. ಪುಣ್ಯಕ್ಕೆ ಮುರೀಲಿಲ್ಲ, ಆದರೆ ಅದಕ್ಕೆ ಉಗುರುಬಣ್ಣ ಸಾಲದು.

ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಿದ ದಿನ ನಾನು ತೋಟದಲ್ಲೇ ಇದ್ದೆ. ನಾಲ್ಕು ಗಂಟೆ ಓಡಿದಮೇಲೆ ಚಿಕ್ಕಪ್ಪ ಮಣ್ಣು ಕೆದಕಿ ಒಂದು ಹಿಡಿ ಹಿಸುಕಿ, “ಸಾಕು, ಉಂಡೆ ಕಟ್ಟುತ್ತೆ, ಪಂಪು ಆಫ್ ಮಾಡು” ಅಂದರು. 20 ಸೆಂ.ಮೀ. ಆಳದಲ್ಲಿ ಹೂತಿದ್ದ ನಾಲ್ಕನೇ ನಂಬರಿನ ಅಂಕಿ ಬೆಳಗಿನಿಂದ ಅಲುಗಾಡಿರಲಿಲ್ಲ. ಅವರು ನಂಬಲಿಲ್ಲ. ಗುದ್ದಲಿಯಲ್ಲಿ ಅಗೆದು ನೋಡಿದರೆ ಒಂದು ಗೇಣಿನ ಕೆಳಗೆ ಪುಡಿಪುಡಿ ಮಣ್ಣು. ಇನ್ನೂ ಎರಡು ಗಂಟೆ ಬಿಟ್ಟರು. ಗೆದ್ದೆ ಅಂತ ನಾನು ನಗ್ತಿದ್ದರೆ, ಇಳಿಜಾರಿನ ಕಡೆ ಕೈ ತೋರಿಸಿ ಕೇಳಿದರು: “ಇದು ಇಲ್ಲಿಯ ಸುದ್ದಿ ಹೇಳ್ತು ಪುಟ್ಟಿ. ಆ ಬದಿಯ ಸುದ್ದಿ ಯಾರು ಹೇಳ್ತಾರೆ?” ಅದಕ್ಕೆ ಉತ್ತರ ಎಕರೆಗೆ ಇನ್ನೂ ನಾಲ್ಕೈದು ಸೆನ್ಸರು, ಒಂದೊಂದಕ್ಕೂ ಹದಿನಾಲ್ಕು ಡಬ್ಬಿ. ನಾನು ಪಂಪಿನ ಕಡೆ ನೋಡ್ತಾ ಸುಮ್ಮನಾದೆ.

ಗಿಡದ ಕುಂಡಕ್ಕೆ ನೀರು ಬೇಕಾ ಬೇಡವಾ ಅಂತ ತಿಳಿಯೋಕಾದರೆ ಕಣ್ಣು ಮುಚ್ಚಿ ತಗೊಳ್ಳಿ. ಪ್ರಾಜೆಕ್ಟಿಗಾದರೆ, ಓವನ್ ಇರೋ ಲ್ಯಾಬಿನವರ ಪರಿಚಯ ಮಾಡಿಕೊಂಡು ಆಮೇಲೆ ತಗೊಳ್ಳಿ. ತೇವಾಂಶದ ಅಂಕಿಯನ್ನೇ ನಂಬಿ ತಾನಾಗಿ ಪಂಪು ಆನ್ ಆಫ್ ಆಗೋ ಹಾಗೆ ಮಾಡೋರಿದ್ದರೆ ಇದು ಬೇಡ.

ಮುಂದಿನ ಬ್ಯಾಚಿನ ಹುಡುಗರು ಈಗಾಗಲೇ ಕೇಳಿದಾರೆ. ಒಂದು, ಮೂರು, ಐದು, ಎಂಟನೇ ನಂಬರಿನ ಸೆನ್ಸರುಗಳನ್ನು ಅವುಗಳ ಸಮೀಕರಣ ಬರೆದ ಚೀಟಿ ಸುತ್ತಿ ಕೊಡ್ತೀನಿ. ನಾಲ್ಕನೇ ನಂಬರನ್ನು ಮಾತ್ರ ಚಿಕ್ಕಪ್ಪ ಕೀಳೋಕೆ ಬಿಡ್ತಿಲ್ಲ.